ಒಂಬೈನೂರು ದಿನಾರಿನ ನದಿ

ಎರಡನೇ ಸಲ ನದಿ ಹರಿಯತೊಡಗಿದಾಗ, ತಾನು ಉಸಿರು ಬಿಗಿಹಿಡಿದು ನಿಂತಿದ್ದೇನೆಂದು ರಾಘಿಬ್‌ಗೆ ತಿಳಿಯಿತು.

ಮೊದಲ ಸಲ ಹರಿದದ್ದು ಎಂಬತ್ತು ದಿನಾರಿನ ಡಿವಿಡಿ ಪ್ಲೇಯರ್‌ನಿಂದ. ಅದೂ ನದಿಯೇ, ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಅಂಗಡಿಯ ಅಬೂ ಮಿತ್ರಿ ಅದೇ ಡಿಸ್ಕನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂಬೈನೂರು ದಿನಾರಿನ ಪ್ಲೇಯರ್‌ಗೆ ಹಾಕಿದ. ಈ ಸಲ ಪರದೆಯ ಮೇಲೆ ಬಂದದ್ದು ನೀರು. ಬಂಡೆಗೆ ಬಡಿದು ಸಿಡಿದ ಹನಿಗಳಲ್ಲಿ ಯಾವೆರಡೂ ಒಂದೇ ತರಹ ಇರಲಿಲ್ಲ. ತಳದ ಕಲ್ಲುಗಳ ಮೇಲಿನ ಪಾಚಿ ಎಳೆ ಎಳೆಯಾಗಿ ಹರಿವಿನ ಕಡೆಗೆ ಬಾಗಿತ್ತು.

ರಾಘಿಬ್ ವಿಶ್ವವಿದ್ಯಾಲಯದಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಅಮ್ಮಾನ್‌ನಲ್ಲಿ ನಿಂತು ಹುಡುಗರಿಗೆ ನದಿಗಳ ಆಳ, ವೇಗ, ಇಳಿಜಾರು ವಿವರಿಸುತ್ತಿದ್ದ. ನದಿ ಹೀಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಏನಂತೀರಿ ಡಾಕ್ಟ್ರೇ?" ಎಂದ ಅಬೂ ಮಿತ್ರಿ. "ಇದರ ಬೆಲೆ ನಮ್ಮನೆಯವಳಿಗೆ ಇನ್ನೂ ಹೇಳಿಲ್ಲ. ಹೇಳಿದ ದಿನ ನಂಗೆ ಅಂಗಡೀಲೇ ಹಾಸಿಗೆ."

ರಾಘಿಬ್‌ನ ಹೆಂಡತಿ ಸುಹೈರ್ ಕಾಫಿಯ ಬಟ್ಟಲು ಕೆಳಗಿಟ್ಟು ನಕ್ಕಳು. ಬರುವಾಗ ಕಾರಿನಲ್ಲಿ ಅವಳೊಂದು ಮಾತು ಹೇಳಿದ್ದಳು. ದೋಹಾದ ಶಾಲೆಯಿಂದ ಫೋನ್ ಬಂದಿತ್ತು. ಎರಡು ವರ್ಷದ ಕೆಲಸ. ಉತ್ತರ ಬೇಗ ಬೇಕಂತೆ. "ಅಲ್ಲಿ ಕಾರು ನಿಲ್ಲಿಸೋಕೆ ಜಾಗ ಸಿಗುತ್ತೋ ಇಲ್ವೋ," ಎಂದಿದ್ದ ರಾಘಿಬ್, ಅಂಗಡಿಯ ಬೀದಿಯನ್ನು ಕುರಿತು.

ಈಗ ಅವಳ ಆಕ್ಷೇಪಕ್ಕಾಗಿ ಅವನು ಕಾದ. ವಾರದಿಂದ ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದ.

"ಚೆನ್ನಾಗಿದೆ," ಎಂದಳು ಸುಹೈರ್.

"ಬೆಲೆ ಕೇಳಿಸ್ಕೊಂಡ್ಯಾ?"

"ಕೇಳಿಸ್ತು."

"ಅಡುಗೆಮನೆ ರಿಪೇರಿ ಮುಂದಕ್ಕೆ ಹೋಗುತ್ತೆ."

"ಹೋಗ್ಲಿ ಬಿಡು. ತಗೋ. ಸಂಜೆ ಹೊತ್ತು ಮನೇಲಿ ಒಬ್ಬನೇ ಇರ್ತೀಯಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಬೂ ಮಿತ್ರಿ ಇದ್ದಕ್ಕಿದ್ದಂತೆ ಟೀವಿಯ ಹಿಂದಿನ ತಂತಿಗಳನ್ನು ಸರಿಪಡಿಸತೊಡಗಿದ.

ಹೋಗಬೇಡ ಅನ್ನಬೇಕಿತ್ತು. ಅಷ್ಟೇ. ಮಾತು ಗಂಟಲ ತನಕ ಬಂದಿತ್ತು ಕೂಡ. ಅಷ್ಟರಲ್ಲಿ ಪರದೆಯ ಮೇಲೆ ಕೊಕ್ಕರೆಯೊಂದು ನೀರಿನಿಂದ ಕಾಲೆತ್ತಿತು. ಬೆರಳುಗಳ ತುದಿಯಲ್ಲಿ ಹನಿ ತುಂಬಿ, ತುಸು ತೂಗಿ, ಬಿತ್ತು.

"ಆ ಕಾಲು ನೋಡು," ಎಂದ.

ಸುಹೈರ್ ನೋಡಿದಳು. ಅವನನ್ನು ಮೆಚ್ಚಿಸಲಿಕ್ಕಲ್ಲ, ನಿಜವಾಗಿ, ಕಣ್ಣರಳಿಸಿ ನೋಡಿದಳು. "ಅಬ್ಬ, ಉಗುರು ಸಮೇತ ಕಾಣುತ್ತೆ," ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಇಬ್ಬರೂ ಒಂದೇ ವಸ್ತುವನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತೆಂದು ರಾಘಿಬ್ ಲೆಕ್ಕ ಹಾಕಲು ಹೋಗಿ, ಹೆದರಿ ಬಿಟ್ಟುಬಿಟ್ಟ.

ಕೊಕ್ಕರೆ ಹಾರಿಹೋಯಿತು. ಅವಳು ಎದ್ದಳು.

"ಇವತ್ತು ನಮ್ಮ ಬೀದಿಗೆ ನೀರು ಬರೋ ದಿನ. ರಾಶಿ ಬಟ್ಟೆ ಇದೆ. ಟ್ಯಾಕ್ಸೀಲಿ ಹೋಗ್ತೀನಿ."

"ನಾನೇ ಬಿಡ್ತೀನಿ, ಇರು."

"ಬೇಡ, ನೋಡ್ತಿರು. ನೀನಿನ್ನೂ ತೀರ್ಮಾನ ಮಾಡಿಲ್ಲವಲ್ಲ."

"ನೀನು ಮಾಡಿದ್ಯಾ?"

ಚೀಲವನ್ನು ಹೆಗಲಿಗೇರಿಸುತ್ತ, "ಮೊದಲು ನಿಂದಾಗಲಿ," ಎಂದಳು. ಆಮೇಲೆ ಅಬೂ ಮಿತ್ರಿಗೆ ಕಾಫಿ ಚೆನ್ನಾಗಿತ್ತೆಂದು ಹೇಳಿ ಹೊರಟಳು. ಬಾಗಿಲ ಗಾಜಿನಾಚೆ ಅವಳು ಬಿಸಿಲಲ್ಲಿ ಕೈಯೆತ್ತಿ ನಿಂತದ್ದು ಕಾಣಿಸಿತು. ಅಂಚುಗಳೆಲ್ಲ ಕಲಸಿದಂತೆ, ಬಣ್ಣ ತೊಳೆದಂತೆ. ಗಾಜಿನ ಧೂಳಿರಬೇಕು ಎಂದುಕೊಂಡ. ಟ್ಯಾಕ್ಸಿ ಬಂತು.

ಅಬೂ ಮಿತ್ರಿ ಕೆಮ್ಮಿದ. "ಡಾಕ್ಟ್ರೇ, ಬೆಳಕನ್ನ ಯಾವ ಡಬ್ಬಾ ಆದ್ರೂ ತೋರಿಸುತ್ತೆ. ನೀವು ದುಡ್ಡು ಕೊಡೋದು ಕಪ್ಪು ಬಣ್ಣಕ್ಕೆ."

ಅವನು ಬಾಗಿಲಿನ ಪರದೆ ಎಳೆದು ದೀಪಗಳನ್ನು ಆರಿಸಿದ. ಮೊದಲು ಅಗ್ಗದ ಪ್ಲೇಯರ್‌ನಿಂದ ಬರೀ ಕಪ್ಪನ್ನು ತೋರಿಸಿದ. ಟೀವಿಯ ಪರದೆ ಬೂದಿಯ ಬಣ್ಣಕ್ಕೆ ಮಂಕಾಗಿ ಹೊಳೆಯಿತು. ಆಮೇಲೆ ದುಬಾರಿ ಪ್ಲೇಯರ್‌ನ ಗುಂಡಿ ಒತ್ತುವ ಸದ್ದು ಕೇಳಿಸಿತು.

ಪರದೆ ಇಲ್ಲವಾಯಿತು. ಅದರ ಚೌಕಟ್ಟು ಇಲ್ಲವಾಯಿತು. ಹಿಂದಿನ ಗೋಡೆ, ಬಟ್ಟಲುಗಳಿದ್ದ ಮೇಜು, ರಾಘಿಬ್ ಮುಂದೆ ಚಾಚಿದ ಕೈ, ಎಲ್ಲವೂ.

"ಹಾಕಿದ್ದೀರಾ?" ಎಂದು ರಾಘಿಬ್ ಪಿಸುಗುಟ್ಟಿದ.

"ಓಡ್ತಾ ಇದೆ."

ಇಷ್ಟು ಪೂರ್ಣವಾದದ್ದನ್ನು ಅವನು ಎಂದೂ ಕಂಡಿರಲಿಲ್ಲ.

"ಎಷ್ಟು ಹೊತ್ತು ಇರುತ್ತೆ ಇದು?"

"ನೀವು ಸಾಕು ಅನ್ನೋವರೆಗೂ."

ರಾಘಿಬ್ ಕುರ್ಚಿಯನ್ನು ಕತ್ತಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.