ಕುಂಡದ ಕ್ವಿನ್ಸ್ ಗಿಡ

ಸೊಸೆ ಬೇಕರಿ ಕೆಲಸಕ್ಕೆ ಹೊರಟದ್ದನ್ನು ಖಚಿತ ಮಾಡಿಕೊಂಡು ಅತ್ತೆ ಹಿಂಬದಿಯ ಅಂಗಳಕ್ಕೆ ಬಂದರು. ಕುಂಡದ ಅಂಚಿನಿಂದ ಚಿಟಿಕೆ ಮಣ್ಣು ತೆಗೆದು, ಅತ್ತಿತ್ತ ನೋಡಿ, ನಾಲಿಗೆಯ ತುದಿಗೆ ಹಚ್ಚಿಕೊಂಡರು. ಉಪ್ಪಿರಲಿಲ್ಲ. ಹಾಗೆಂದು ಅನುಮಾನವೇನೂ ಇಳಿಯಲಿಲ್ಲ. ಗಿಡ ಸಾಯಿಸಲು ಉಪ್ಪೇ ಆಗಬೇಕೆ?

ಅದು ಕ್ವಿನ್ಸ್‌ನ ಗಿಡ್ಡ ತಳಿ. ಎಷ್ಟು ಬೆಳೆದರೂ ಎದೆಮಟ್ಟ. ಹಣ್ಣು ಸೇಬಿನ ದಾಯಾದಿಯಂತೆ, ಹಳದಿ. ಹಸಿಯಾಗಿ ಕಚ್ಚಿದರೆ ಬಾಯೆಲ್ಲ ಒಗರು, ಬೇಯಿಸಿದರೆ ಮನೆಯೆಲ್ಲ ಘಮ. ಮಗನ ಮೊದಲ ಹೆಂಡತಿ ತಂದು ನೆಟ್ಟದ್ದು. ಅವಳು ತೀರಿಕೊಂಡ ಮೇಲೆ ಅತ್ತೆಯೇ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿ ಸಾಕಿದ್ದರು. ಈಗಿನವಳು ಮನೆಗೆ ಬಂದ ವರ್ಷವೇ ಎಲೆಗಳು ಹಳದಿಯಾಗಿ ಉದುರತೊಡಗಿದ್ದವು.

"ಗಿಡಕ್ಕೆ ಏನಾದ್ರೂ ಹಾಕಿದ್ಯೇನಮ್ಮಾ?" ಎಂದು ಒಮ್ಮೆ ಕೇಳಿಯೂ ಇದ್ದರು.

"ನಾನ್ಯಾಕೆ ಹಾಕ್ಲಿ ಅತ್ತೆ? ಮುಟ್ಬೇಡ ಅಂದಿದ್ದೀರಲ್ಲ."

ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಕಣ್ಣು ತಪ್ಪಿಸಿದ್ದಳು. ಮಗನಿಗೆ ಹೇಳಿದರೆ ಅವನು, "ಗಿಡಕ್ಕೂ ವಯಸ್ಸಾಗುತ್ತಮ್ಮಾ" ಎಂದು ಬಸ್ಸಿನ ಕೀಲಿ ತೆಗೆದುಕೊಂಡು ಡ್ಯೂಟಿಗೆ ಹೊರಟುಬಿಟ್ಟ.

ಸೊಸೆಗೆ ರಜೆಯಿದ್ದ ಮಧ್ಯಾಹ್ನ ಅತ್ತೆ ಬೇಕೆಂದೇ ಬೇಗ ಉಂಡು, ಬಾಗಿಲು ಓರೆ ಮಾಡಿ, ನಿದ್ದೆ ಬಂದವರಂತೆ ಮಲಗಿದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಭಾರದ್ದೇನೋ ಉರುಳಿದ ಸದ್ದು. ಬರಿಗಾಲಲ್ಲೇ ಓಡಿದರು. ಕುಂಡ ಅಡ್ಡಬಿದ್ದಿತ್ತು. ಗಿಡ ಬೇರುಸಮೇತ ಹೊರಗಿತ್ತು. ಸೊಸೆಯ ಕೈಯಲ್ಲಿ ಬ್ರೆಡ್ ಕೊಯ್ಯುವ ಚಾಕು.

"ಸಿಕ್ಕಿಬಿದ್ಯಲ್ಲಾ! ಹೋದವಳದ್ದು ಒಂದು ಗಿಡಾನೂ ಉಳಿಬಾರ್ದಾ ನಿಂಗೆ?"

ಸೊಸೆ ಕೂತಲ್ಲಿಂದ ಏಳಲಿಲ್ಲ. "ಕೂಗಾಡ್ಬೇಡಿ. ಇಲ್ನೋಡಿ."

ಬೇರುಗಳು ಹಗ್ಗದಂತೆ ಸುತ್ತಿ ಸುತ್ತಿ ಕುಂಡದ ಆಕಾರವನ್ನೇ ತಳೆದಿದ್ದವು. ತಳದ ತೂತಿನೊಳಗೂ ಬಿರಡೆಯಂತೆ ನುಗ್ಗಿ ಅದನ್ನು ಮುಚ್ಚಿದ್ದವು. ಕೆಳಗಿನವು ಕಪ್ಪಾಗಿ ಕೊಳೆತು ನಾರುತ್ತಿದ್ದವು.

"ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ. ಹಾಕಿದ್ದೆಲ್ಲ ಒಳಗೇ ನಿಂತಿದೆ."

"ಅಂದ್ರೆ? ನಾನೇ ಕೊಂದೆ ಅಂತೀಯಾ?"

"ಹಾಗಂದ್ನಾ ನಾನು?" ಸೊಸೆ ಕೊಳೆತ ಬೇರೊಂದನ್ನು ಕೊಯ್ದು ಪಕ್ಕಕ್ಕಿಟ್ಟಳು. "ಸತ್ತೋಗ್ಲಿ ಇದು ಅಂತ ನಾನೂ ಅಂದ್ಕೊಂಡಿದ್ದೆ ಅತ್ತೆ. ಸುಳ್ಳು ಯಾಕೆ ಹೇಳ್ಲಿ? ಹೋದವರ ನೆನಪಾದ್ರೆ ಇವರು ಇಲ್ಲೇ ಬಂದು ನಿಂತ್ಕೋತಾರೆ, ನೋಡಿದೀನಿ."

"ಮತ್ತೆ ಈಗೇನು ಬಂತು ನಿಂಗೆ?"

"ನಿಜವಾಗ್ಲೂ ಸಾಯೋಕೆ ಶುರುವಾದಾಗ ನೋಡೋಕಾಗ್ಲಿಲ್ಲ."

ಅತ್ತೆ ಅವಳ ಮುಖವನ್ನೇ ನೋಡಿದರು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಚಾಕು ಬೇರಿಗೆ ತಾಗಿದಾಗಲೆಲ್ಲ ಅವರ ಹಲ್ಲು ತಾವಾಗಿ ಕಚ್ಚಿಕೊಳ್ಳುತ್ತಿದ್ದವು. ಆದರೂ ಅವಳು ಹೊಸ ಮಣ್ಣಿನ ಚೀಲ ಬಿಚ್ಚಿದ್ದನ್ನು ಕಂಡು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದುರಿಗೆ ಕೂತರು.

"ಕಾಂಡ ನೆಟ್ಟಗೆ ಹಿಡ್ಕೊಳ್ಳಿ" ಎಂದಳು ಸೊಸೆ, ಕುಂಡ ಎತ್ತಿ ನಿಲ್ಲಿಸಿ ಗಿಡವನ್ನು ಅದರೊಳಗಿಡುತ್ತ.

ಅತ್ತೆ ಎರಡೂ ಕೈಯಲ್ಲಿ ಹಿಡಿದರು. ಸೊಸೆ ಸುತ್ತಲೂ ಮಣ್ಣು ಸುರಿದು, ಬೆರಳಿನಿಂದ ಒತ್ತಿ, ಮತ್ತೆ ಸುರಿದಳು. ಕುಂಡ ತುಂಬಿತು. ಅವಳು ಕೈ ಕೊಡವಿ ಎದ್ದಳು.

"ಸಾಕು ಅತ್ತೆ, ಬಿಡಿ. ಅದೇ ನಿಲ್ಲುತ್ತೆ."

ಅತ್ತೆ ಬಿಡಲಿಲ್ಲ. ಬೋಳು ರೆಂಬೆಗಳ ನಡುವಿನಿಂದ ಅವಳನ್ನು ನೋಡುತ್ತ ಹಾಗೇ ಹಿಡಿದು ಕೂತಿದ್ದರು.