ಒಂಟಿ ಚೆಲೋದ ದೃಶ್ಯ

ಮಾವನವರು ಮೂವತ್ತು ವರ್ಷ ಸಿನಿಮಾ ವಾದ್ಯವೃಂದದಲ್ಲಿ ಚೆಲೋ, ಎಂದರೆ ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ನುಡಿಸಿದವರು. ಸೊಸೆ ಸಂಗೀತ ಕಾಲೇಜಿನಲ್ಲಿ ಅಧ್ಯಾಪಕಿ. ಮರುದಿನದ ಪಾಠವನ್ನು ಅವಳು ಊಟದ ಮೇಜಿನ ಮೇಲೆ ಹರಡಿಕೊಂಡು ಅವರಿಗೆ ಓದಿ ಹೇಳುತ್ತಿದ್ದಳು.

ಎರಡು ಸಿನಿಮಾಗಳ ಹೋಲಿಕೆ ಅದು. ಎರಡರಲ್ಲೂ ತಾಯಿ ಬಂದರಿನಲ್ಲಿ ನಿಂತು ಮಗನನ್ನು ಕಳಿಸಿಕೊಡುತ್ತಾಳೆ. ಮೊದಲನೆಯದರಲ್ಲಿ ನಲವತ್ತು ಪಿಟೀಲುಗಳು ಒಟ್ಟಿಗೆ ಅಳುತ್ತವೆ. ಎರಡನೆಯದರಲ್ಲಿ ಒಂದೇ ಚೆಲೋ.

"ಇಲ್ಲಿ ಒಂಟಿ ಚೆಲೋ ತಾಯಿಯ ಒಂಟಿತನವನ್ನು ಸಾರುತ್ತದೆ," ಎಂದು ಓದಿದಳು.

ಮಾವ ಚಹಾದ ಲೋಟ ಕೆಳಗಿಟ್ಟರು. "ಅದು ತಾಯಿಯ ಒಂಟಿತನ ಅಲ್ಲ ಕಣಮ್ಮ, ನಂದು. ರೆಕಾರ್ಡಿಂಗ್ ದಿನ ಉಳಿದ ಏಳು ಜನ ಚೆಲೋ ಸಮೇತ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು. ನಂಗೆ ಲಿಫ್ಟ್ ಅಂದ್ರೆ ಭಯ, ಮೆಟ್ಟಿಲು ಹತ್ತಿ ಬಂದಿದ್ದೆ."

ಸೊಸೆಯ ಮುಖ ಸಪ್ಪಗಾಯಿತು. "ಇಪ್ಪತ್ತು ಪುಟ ಬರ್ದಿದೀನಿ ಮಾವ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ನಿನ್ ಕಥೆ. ಇರ್ಲಿ ಬಿಡು, ಓದೋಕೆ ಚೆನ್ನಾಗಿದೆ."

ಅವಳು ಒಂದು ಸಾಲನ್ನೂ ಹೊಡೆದುಹಾಕಲಿಲ್ಲ. ಮರುದಿನ ಮಾವನನ್ನೇ ತರಗತಿಗೆ ಕರೆದೊಯ್ದಳು. "ಹಾಜರಿ ಹಾಕ್ಕೋ, ಆಮೇಲೆ ಫೇಲ್ ಮಾಡ್ಬೇಡ," ಎನ್ನುತ್ತ ಅವರು ಕೊನೆಯ ಬೆಂಚಿನಲ್ಲಿ ಕೂತರು. ಎರಡೂ ದೃಶ್ಯ ತೋರಿಸಿ, ಒಂಟಿತನದ ವಿಷಯ ಹೇಳಿ, ಅದರ ಬೆನ್ನಿಗೇ ಮಾವನನ್ನು ತೋರಿಸಿ ಲಿಫ್ಟಿನ ಕಥೆಯನ್ನೂ ಅವಳು ಹೇಳಿಬಿಟ್ಟಳು. ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹಿಂದೆ ತಿರುಗಿ ಕೇಳಿದಳು, "ಸರ್, ಆ ಏಳು ಜನ ಆಮೇಲಾದ್ರೂ ಬಂದಿರ್ಬೇಕಲ್ಲ. ಮತ್ತೆ ಯಾಕೆ ನುಡಿಸಲಿಲ್ಲ?"

ಮಾವ ನಗು ನಿಲ್ಲಿಸಿದರು. "ನುಡಿಸಿದ್ವಮ್ಮ. ಮಾರನೇ ದಿನ ಎಂಟೂ ಜನ ಕೂತು ನುಡಿಸಿದ್ವಿ. ನಿರ್ದೇಶಕರು ಎರಡನ್ನೂ ಕೇಳಿ, ಎಂಟು ಜನರದ್ದು ಬೇಡ ಅಂದ್ರು."

"ಯಾಕಂತೆ?"

"ನಾನು ಕೇಳ್ಲೇ ಇಲ್ಲ."

ಮನೆಗೆ ಬಂದವರೇ ಮಾವ, ಆ ಸಿನಿಮಾ ಹಾಕು ಎಂದರು. ತಾವು ನುಡಿಸಿದ್ದನ್ನು ಅವರು ಪರದೆಯ ಮೇಲೆ ಪೂರ್ತಿಯಾಗಿ ನೋಡಿರಲೇ ಇಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ರೆಕಾರ್ಡಿಂಗ್ ಇರುತ್ತಿತ್ತು. ಹಡಗು ದೂರವಾಗುತ್ತಿದ್ದಂತೆ ಅವರ ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಒತ್ತತೊಡಗಿದವು. ತಾಯಿ ಬೆನ್ನು ತಿರುಗಿಸಿ ನಡೆದಳು.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಒಬ್ಳೇ ಇದಾಳಲ್ವೇನಮ್ಮ, ಪಾಪ."

"ಅದನ್ನೇ ಮಾವ ನಾನು ಇಪ್ಪತ್ತು ಪುಟ ಬರ್ದಿದ್ದು."

"ಸ್ವಲ್ಪ ಉದ್ದ ಆಯ್ತು," ಎಂದರು ಮಾವ. "ಹಿಂದಕ್ಕೆ ಹಾಕು, ಇನ್ನೊಂದ್ಸಲ ನೋಡೋಣ."