ಫ್ರಿಜ್ಜಿಗೊಂದು ಕೆಂಪು ಹಿಡಿ

ಗುಲ್ಜಾರ್ ಬೀಗೆ ಹಜಾರದಲ್ಲಿ ಎದ್ದು ಕಾಣುವ ಫ್ರಿಜ್ ಬೇಕಿತ್ತು. ಸೊಸೆ ಸುಹಾನಾಗೆ ಹೊಸ ಅಡುಗೆಮನೆಯ ಕಪಾಟಿನ ಸಾಲಿನಲ್ಲೇ ಅಡಗಿ ಕೂರುವಂಥದ್ದು ಬೇಕಿತ್ತು. ಚನ್ನಪಟ್ಟಣದ ಆ ಬೀದಿಯ ಅರ್ಧ ಜನ ಹಿಟ್ಟು, ಹೂವನ್ನು ಗುಲ್ಜಾರ್ ಬೀಯ ಫ್ರಿಜ್ಜಿನಲ್ಲೂ ಬಕ್ರೀದಿನ ಮಾಂಸವನ್ನು ಫ್ರೀಜರಿನಲ್ಲೂ ಇಡುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ನೇರ ಬಂದು ಬಾಗಿಲು ತೆಗೆಯುತ್ತಿದ್ದರು. ಫ್ರಿಜ್ ಬಚ್ಚಿಟ್ಟರೆ ಕೇಳಬೇಕಾಗುತ್ತದೆ, ಕೇಳಬೇಕಾದರೆ ಬರುವುದನ್ನೇ ಬಿಡುತ್ತಾರೆ ಎಂಬುದೇ ಆಕೆಯ ದಿಗಿಲು.

"ಇದ್ರಲ್ಲಿ ಫ್ರಿಜ್ ಎಲ್ಲೈತೆ ಹೇಳಿ ಅಮ್ಮ," ಎಂದು ರಾಮನಗರದ ಅಂಗಡಿಯವನು ಮಾದರಿ ಕಪಾಟುಗಳ ಸಾಲು ತೋರಿಸಿ ನಕ್ಕ. ಗುಲ್ಜಾರ್ ಬೀ ಎರಡು ಬಾಗಿಲು ತೆಗೆದರು. ಒಂದರಲ್ಲಿ ತಟ್ಟೆ, ಇನ್ನೊಂದರಲ್ಲಿ ಕಸದ ಬುಟ್ಟಿ. ಜೊತೆಗಿದ್ದ ಸೊಸೆಯತ್ತ ತಿರುಗಿದರು.

"ನೋಡ್ದೇನವ್ವ? ಪಕ್ಕದ್ಮನೆ ವರಲಕ್ಷ್ಮಕ್ಕ ದೋಸೆ ಹಿಟ್ಟ ಕಸದ ಬುಟ್ಟೀಲಿ ಇಟ್ಬುಡ್ತಾಳೆ!"

"ಎಲ್ಲಾ ಒಂದೇ ಗೋಡೆ ಥರ ಕಾಣ್ಲಿ ಅಂತ ನನ್ನಾಸೆ ಅತ್ತೆ," ಎಂದು ಸುಹಾನಾ ಮುಖ ಸಣ್ಣ ಮಾಡಿಕೊಂಡಳು. ಗುಲ್ಜಾರ್ ಬೀ ಒಪ್ಪಿದರು.

ಆದರೆ ಫ್ರಿಜ್ ಬಂದ ದಿನವೇ, ಗೊಂಬೆ ಕಡೆಯುವ ಮಗ ಸಾಬೀರನಿಂದ ಬುಗುರಿಯಷ್ಟು ದಪ್ಪದ ಮರದ ಹಿಡಿ ಮಾಡಿಸಿ, ಕೆಂಪು ಅರಗು ಹಚ್ಚಿಸಿ, ಆ ನುಣುಪು ಬಾಗಿಲಿಗೆ ಹಾಕಿಸಿಬಿಟ್ಟರು.

ಸುಹಾನಾ ಸೊಂಟದ ಮೇಲೆ ಕೈಯಿಟ್ಟಳು. "ಏನತ್ತೆ ಇದು, ಗೋಡೆಗೆ ಮೂಗು ಬಂದಂಗೈತೆ!"

ಅಷ್ಟರಲ್ಲಿ ಪಕ್ಕದ ಮನೆಯ ವರಲಕ್ಷ್ಮಕ್ಕ ಹಿಟ್ಟಿನ ಪಾತ್ರೆ ಹಿಡಿದು ಬಂದರು. ಯಾರನ್ನೂ ಕೇಳದೆ ಕೆಂಪು ಹಿಡಿ ಎಳೆದು, "ಒಸಿ ಜಾಗ ಮಾಡವ್ವ ಸುಹಾನಾ, ನಾಳೆ ನಿಂಗೂ ದೋಸೆ," ಅಂದರು.

ಸುಹಾನಾ ನಕ್ಕುಬಿಟ್ಟಳು. ಒಳಗಿನ ಡಬ್ಬಿ ಸರಿಸುತ್ತ ಗಂಡನನ್ನು ಕೂಗಿದಳು: "ರೀ, ಫ್ರೀಜರ್‌ಗೂ ಒಂದು ಹಿಡಿ ಮಾಡಿ. ಹಳದೀದು."